ಬೆಳ್ಳಿಯ ನ್ಯಾನೊ ಕಣಗಳು: ಮಾಡುವುದು, ಉಳಿಸಿಕೊಳ್ಳುವುದು, ಬಳಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಮಾಡುವ ಎಂಎಸ್‌ಸಿ ವಿದ್ಯಾರ್ಥಿಗಳು, ಬಟ್ಟೆ ಅಥವಾ ಪೇಂಟ್ ತಯಾರಿಸುವ ಸಣ್ಣ ಘಟಕದವರು, ಮನೆಯಲ್ಲಿ ನೀರಿನ ಫಿಲ್ಟರ್ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಸೇರಿಸಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳ್ಳಿಯ ನ್ಯಾನೊ ಕಣ ಮಾಡಲು ಹತ್ತು ನಿಮಿಷ ಸಾಕು. ಅದನ್ನು ಚಿಕ್ಕದಾಗಿಯೇ ಉಳಿಸಿಕೊಳ್ಳುವುದು, ಇಟ್ಟ ಜಾಗದಲ್ಲಿ ನಿಲ್ಲಿಸುವುದು ಕಷ್ಟ. ಕೆಳಗಿನ ಹೆಚ್ಚಿನ ಉತ್ತರಗಳು ಆ ಕಷ್ಟದ ಸುತ್ತಲೇ ಇವೆ.

ನ್ಯಾನೊ ಕಣ ಅಂದರೆ ಎಷ್ಟು ಚಿಕ್ಕದು?

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಗಳಿಗೆ ಈ ಹೆಸರು. ನಮ್ಮ ತಲೆಕೂದಲಿನ ದಪ್ಪ ಹೆಚ್ಚುಕಡಿಮೆ 80,000 ನ್ಯಾನೊಮೀಟರ್. 10 ನ್ಯಾನೊಮೀಟರ್ ಅಗಲದ ಒಂದು ಬೆಳ್ಳಿ ಗುಂಡಿನಲ್ಲಿ ಸುಮಾರು 30,000 ಪರಮಾಣುಗಳಿರುತ್ತವೆ. ಅಷ್ಟೇ.

ಬೆಳ್ಳಿ ಬೆಳ್ಳಿಯೇ ಅಲ್ವಾ? ಚಿಕ್ಕದಾದ ಮಾತ್ರಕ್ಕೆ ಗುಣ ಯಾಕೆ ಬದಲಾಗಬೇಕು?

ಮುಖ್ಯ ಕಾರಣ ಹೊರಮೈ. ಒಂದು ಗ್ರಾಂ ಬೆಳ್ಳಿಯನ್ನು ಒಂದೇ ಘನಾಕೃತಿಯ ತುಂಡಾಗಿ ಇಟ್ಟರೆ ಅದರ ಹೊರಮೈ ಒಂದೂಕಾಲು ಚದರ ಸೆಂಟಿಮೀಟರ್. ಅದೇ ಒಂದು ಗ್ರಾಂ ಬೆಳ್ಳಿಯನ್ನು 10 ನ್ಯಾನೊಮೀಟರ್ ಗುಂಡುಗಳಾಗಿ ಮಾಡಿದರೆ ಹೊರಮೈ ಸುಮಾರು 57 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಒಂದು 20×30 ಸೈಟಿನಷ್ಟು! ಗಾಳಿ, ನೀರು, ಬ್ಯಾಕ್ಟೀರಿಯಾ ಎಲ್ಲವೂ ಬೆಳ್ಳಿಯನ್ನು ಮುಟ್ಟುವುದು ಹೊರಮೈಯಲ್ಲಿ. ಹಾಗಾಗಿ ಸ್ವಲ್ಪ ಬೆಳ್ಳಿಯಿಂದ ತುಂಬಾ ಕೆಲಸ ಆಗುತ್ತದೆ.

ಇನ್ನೊಂದು ಬದಲಾವಣೆ ಕಣ್ಣಿಗೇ ಕಾಣುತ್ತದೆ. ಸುಮಾರು 10ರಿಂದ 20 ನ್ಯಾನೊಮೀಟರ್ ಗುಂಡುಗಳು ನೀರಿನಲ್ಲಿ ಹರಡಿದ್ದರೆ ನೀರು ನಿಂಬೆಹಣ್ಣಿನ ಹಳದಿ ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿಯೊಳಗಿನ ಎಲೆಕ್ಟ್ರಾನುಗಳು ಬೆಳಕು ಬಿದ್ದಾಗ ಒಟ್ಟಾಗಿ ಆಚೀಚೆ ತೂಗುತ್ತವೆ. ಕಣ ಇಷ್ಟು ಚಿಕ್ಕದಾದಾಗ ಆ ತೂಗಾಟ 400 ನ್ಯಾನೊಮೀಟರ್ ಆಸುಪಾಸಿನ ನೇರಳೆ ಬೆಳಕಿಗೆ ತಾಳೆಯಾಗುತ್ತದೆ. ಕಣಗಳು ನೇರಳೆಯನ್ನು ನುಂಗಿಕೊಳ್ಳುತ್ತವೆ, ಉಳಿದ ಬೆಳಕು ಹಳದಿಯಾಗಿ ನಮ್ಮ ಕಣ್ಣಿಗೆ ಬರುತ್ತದೆ. ಇದಕ್ಕೆ ಪ್ಲಾಸ್ಮಾನ್ ಅನುರಣನ ಅಂತ ಹೆಸರು. ಕಣದ ಗಾತ್ರ, ಆಕಾರ ಬದಲಾದರೆ ಬಣ್ಣವೂ ಬದಲಾಗುತ್ತದೆ. ಚಪ್ಪಟೆ ತ್ರಿಕೋನದ ಬೆಳ್ಳಿ ಕಣಗಳು ನೀಲಿಯಾಗಿ ಕಾಣುತ್ತವೆ. ಮೊದಲ ಸಲ ನೋಡಿದವರು ಅದೂ ಬೆಳ್ಳಿಯೇ ಅಂದರೆ ನಂಬುವುದಿಲ್ಲ.

ಇದು ಹೊಸ ವಿಜ್ಞಾನವಾ?

ಹೆಸರು ಹೊಸದು, ವಸ್ತು ಹಳೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಲೈಕರ್ಗಸ್ ಬಟ್ಟಲು ಅಂತ ಒಂದು ರೋಮನ್ ಗಾಜಿನ ಬಟ್ಟಲಿದೆ. ಅದು 4ನೇ ಶತಮಾನದ್ದು. ಮುಂದಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ಆ ಗಾಜಿನಲ್ಲಿ ಬೆಳ್ಳಿ ಮತ್ತು ಚಿನ್ನ ಬೆರೆತ ನ್ಯಾನೊ ಕಣಗಳಿವೆ. ಗೊತ್ತಿದ್ದು ಮಾಡುವ ಕಾಲ ಬಂದದ್ದು ತುಂಬಾ ತಡವಾಗಿ. ಅಮೆರಿಕದ ರಸಾಯನಶಾಸ್ತ್ರಜ್ಞ ಕೇರಿ ಲೀ 1889ರಲ್ಲಿ ಸಿಟ್ರೇಟ್ (ನಿಂಬೆಯಲ್ಲಿರುವ ಆಮ್ಲದ ಲವಣ) ಬಳಸಿ ನೀರಿನಲ್ಲಿ ಹರಡಿ ನಿಲ್ಲುವ ಬೆಳ್ಳಿಯನ್ನು ಮಾಡಿ ತೋರಿಸಿದರು.

ನಮ್ಮ ಕೈಬೆರಳಿನ ಉದಾಹರಣೆಯೂ ಇದೆ. ವೋಟು ಹಾಕಿದಾಗ ಹಚ್ಚುವ ಶಾಯಿ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಅದನ್ನು ಕೊಡುತ್ತಾ ಬಂದಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿದಾಗ ಬೆಳ್ಳಿಯ ಅಯಾನು (ಒಂದು ಎಲೆಕ್ಟ್ರಾನ್ ಕಳೆದುಕೊಂಡ ಬೆಳ್ಳಿ ಪರಮಾಣು) ನುಣ್ಣನೆಯ ಬೆಳ್ಳಿ ಲೋಹವಾಗಿ ಚರ್ಮದೊಳಗೇ ಕೂತುಬಿಡುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಸಿಕ್ಕರೆ ಲೋಹವಾಗುತ್ತದೆ. ಲ್ಯಾಬಿನಲ್ಲಿ ನಾವು ಮಾಡುವ ಎಲ್ಲ ವಿಧಾನಗಳ ಬುಡದಲ್ಲೂ ಇರುವುದು ಇದೇ ಕ್ರಿಯೆ.

ಲ್ಯಾಬಿನಲ್ಲಿ ಮಾಡಲು ಸುಲಭವಾದ ವಿಧಾನ ಯಾವುದು?

ಸೋಡಿಯಂ ಬೋರೋಹೈಡ್ರೈಡ್ ವಿಧಾನ. ಕಾಲೇಜು ಲ್ಯಾಬಿಗೆ ನಾನು ಹೇಳುವುದು ಇದನ್ನೇ. ಬೇಕಾದದ್ದು ಎರಡು ದ್ರಾವಣ. 100 ಮಿಲಿಲೀಟರ್ ಡಿಅಯಾನೈಸ್ಡ್ (ಲವಣ ತೆಗೆದ) ನೀರಿಗೆ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದರೆ ಒಂದು ಮಿಲಿಮೋಲಾರ್ ದ್ರಾವಣ ಸಿಗುತ್ತದೆ. ಇನ್ನೊಂದು 100 ಮಿಲಿಲೀಟರ್ ನೀರಿಗೆ 7.6 ಮಿಲಿಗ್ರಾಂ ಬೋರೋಹೈಡ್ರೈಡ್ ಹಾಕಿದರೆ ಎರಡು ಮಿಲಿಮೋಲಾರ್. ಈ ಎರಡನೆಯದನ್ನು ಆಗಿಂದಾಗಲೇ ಮಾಡಿಕೊಳ್ಳಬೇಕು. ಇಟ್ಟರೆ ಹೈಡ್ರೋಜನ್ ಬಿಟ್ಟುಕೊಂಡು ಸತ್ವ ಕಳೆದುಕೊಳ್ಳುತ್ತದೆ.

ಬೋರೋಹೈಡ್ರೈಡ್ ದ್ರಾವಣ 30 ಮಿಲಿಲೀಟರ್ ತೆಗೆದುಕೊಳ್ಳಿ. ಫ್ಲಾಸ್ಕನ್ನು ಐಸಿನಲ್ಲಿ ಕೂರಿಸಿ, ಮ್ಯಾಗ್ನೆಟಿಕ್ ಸ್ಟರರ್ ಮೇಲೆ ತಿರುಗಲು ಬಿಡಿ. ಚೆನ್ನಾಗಿ ತಣ್ಣಗಾದ ಮೇಲೆ 10 ಮಿಲಿಲೀಟರ್ ಸಿಲ್ವರ್ ನೈಟ್ರೇಟನ್ನು ಸೆಕೆಂಡಿಗೆ ಒಂದು ಹನಿಯಂತೆ ಬಿಡಿ. ಎರಡು ಮಿಲಿಲೀಟರ್ ಬೀಳುವಷ್ಟರಲ್ಲಿ ತಿಳಿ ಹಳದಿ ಬರುತ್ತದೆ. ಪೂರ್ತಿ ಬಿದ್ದಾಗ ಹೊಳೆಯುವ ಹಳದಿ. ಆಗ ತಿರುಗಿಸುವುದನ್ನು ತಕ್ಷಣ ನಿಲ್ಲಿಸಿ, ಒಳಗಿನ ಮ್ಯಾಗ್ನೆಟನ್ನೂ ತೆಗೆಯಿರಿ. ಚೆನ್ನಾಗಿ ಬಂದರೆ ಕಣಗಳು 12 ನ್ಯಾನೊಮೀಟರ್ ಆಸುಪಾಸಿನಲ್ಲಿರುತ್ತವೆ.

ಸಿಲ್ವರ್ ನೈಟ್ರೇಟನ್ನು ಬೋರೋಹೈಡ್ರೈಡಿಗೆ ಹಾಕಬೇಕು, ಉಲ್ಟಾ ಹಾಕಬಾರದು. ಬೋರೋಹೈಡ್ರೈಡ್ ಯಾವಾಗಲೂ ಜಾಸ್ತಿ ಇರಬೇಕು. ಬೆಳ್ಳಿಯನ್ನು ಲೋಹ ಮಾಡುವುದು ಅದರ ಒಂದು ಕೆಲಸ. ಉಳಿದ ಬೋರೋಹೈಡ್ರೈಡ್ ಕಣದ ಮೈಗೆ ಅಂಟಿಕೊಂಡು ಋಣ ವಿದ್ಯುತ್ತಿನ ಹೊದಿಕೆ ಕೊಡುತ್ತದೆ. ಒಂದೇ ಬಗೆಯ ವಿದ್ಯುತ್ತು ಇರುವ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಹತ್ತಿರ ಬಂದು ಅಂಟಿಕೊಳ್ಳುವುದಿಲ್ಲ.

ನನ್ನ ದ್ರಾವಣ ಹಳದಿ ಬರಲಿಲ್ಲ, ಬೂದು ಬಣ್ಣವಾಗಿ ಕೆಳಗೆ ಕೂತಿತು. ಎಲ್ಲಿ ತಪ್ಪಾಯಿತು?

ಎಲ್ಲರಿಗೂ ಒಂದಲ್ಲ ಒಂದು ದಿನ ಆಗಿದೆ, ಬೇಸರ ಬೇಡ. ನಾನು ಶುರುವಿನಲ್ಲಿ ವಾರಗಟ್ಟಲೆ ಬೂದು ನೀರನ್ನೇ ಮಾಡಿದ್ದೇನೆ. ಕಣಗಳು ಗಂಟು ಕಟ್ಟಿವೆ ಅಂತ ಅರ್ಥ. ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಸರಿಯಾಗಿ ಹಾಕದಿದ್ದರೆ ಮುದ್ದೆಯಲ್ಲಿ ಗಂಟು ಉಳಿಯುತ್ತದಲ್ಲ, ಹಾಗೆ. ಮುದ್ದೆಯ ಗಂಟನ್ನು ಕೋಲಿನಿಂದ ಒಡೆಯಬಹುದು, ಬೆಳ್ಳಿಯ ಗಂಟನ್ನು ಒಡೆಯಲು ಆಗುವುದಿಲ್ಲ. ಮತ್ತೆ ಮೊದಲಿನಿಂದ ಮಾಡಬೇಕು.

ಮೊದಲು ನೀರನ್ನು ಅನುಮಾನಿಸಿ. ನಲ್ಲಿ ಅಥವಾ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆ. ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೇ ಹಾಲು ಬೆರೆಸಿದ ಹಾಗೆ ಮಬ್ಬಾದರೆ ಅದು ಸಿಲ್ವರ್ ಕ್ಲೋರೈಡ್. ಆಮೇಲೆ ಗಾಜಿನ ಪಾತ್ರೆ. ಹಿಂದಿನ ಬ್ಯಾಚಿನ ಬೆಳ್ಳಿ ಗೋಡೆಗೆ ಅಂಟಿಕೊಂಡಿದ್ದರೆ ಹೊಸ ಬೆಳ್ಳಿ ಅದರ ಮೇಲೇ ಬೆಳೆಯುತ್ತದೆ. ದುರ್ಬಲ ನೈಟ್ರಿಕ್ ಆಮ್ಲದಲ್ಲಿ ತೊಳೆದು, ಡಿಅಯಾನೈಸ್ಡ್ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಹಳೆಯ ಬೋರೋಹೈಡ್ರೈಡ್, ತಣ್ಣಗಾಗದ ದ್ರಾವಣ, ಅವಸರದಲ್ಲಿ ಸುರಿದದ್ದು, ಮುಗಿದ ಮೇಲೂ ತಿರುಗಿಸುತ್ತಾ ಬಿಟ್ಟದ್ದು, ಇವೆಲ್ಲ ಉಳಿದ ಕಾರಣಗಳು.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಹಳದಿ ದ್ರಾವಣವನ್ನು ಎರಡು ಟೆಸ್ಟ್ ಟ್ಯೂಬಿಗೆ ಹಾಕಿ. ಒಂದಕ್ಕೆ ಸ್ವಲ್ಪ ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್) ಪಾಲಿಮರ್ ದ್ರಾವಣ ಬೆರೆಸಿ, ಅದು ಕಣದ ಮೈಗೆ ಹೊದಿಕೆಯಾಗುತ್ತದೆ. ಈಗ ಎರಡಕ್ಕೂ ಕೆಲವು ಹನಿ ಉಪ್ಪುನೀರು ಬಿಡಿ. ಪಾಲಿಮರ್ ಇಲ್ಲದ್ದು ಕಣ್ಣೆದುರೇ ಮಂಕಾಗುತ್ತದೆ. ಪಾಲಿಮರ್ ಇದ್ದದ್ದು ಹಳದಿಯಾಗಿಯೇ ಇರುತ್ತದೆ. ಬೆವರು, ರಕ್ತ, ಕುಡಿಯುವ ನೀರು, ಎಲ್ಲದರಲ್ಲೂ ಉಪ್ಪಿದೆ. ನಿಮ್ಮ ಕಣ ಹೊರಗಿನ ಜಗತ್ತಿನಲ್ಲಿ ಉಳಿಯುತ್ತದಾ ಅನ್ನುವುದು ಈ ಎರಡು ಟ್ಯೂಬಿನಲ್ಲಿ ಗೊತ್ತಾಗುತ್ತದೆ.

ಬೇರೆ ವಿಧಾನಗಳು ಯಾವುವು?

ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಕುದಿಸಿ ಸೋಡಿಯಂ ಸಿಟ್ರೇಟ್ ಹಾಕುವುದು ಇನ್ನೊಂದು. ಸುಮಾರು ಒಂದು ಗಂಟೆ ಕುದಿಸಬೇಕು. ಕಣಗಳು ದೊಡ್ಡವು, ಎಲ್ಲ ಒಂದೇ ಅಳತೆಯಲ್ಲಿ ಇರುವುದಿಲ್ಲ. ಎಥಿಲೀನ್ ಗ್ಲೈಕಾಲನ್ನು 160 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ, ಪಿವಿಪಿ ಇಟ್ಟುಕೊಂಡು ಮಾಡುವುದು ಪಾಲಿಯಾಲ್ ವಿಧಾನ. ಆಕಾರ ಬೇಕಾದವರಿಗೆ ಇದೇ ಸರಿ. ಘನಾಕೃತಿ, ಉದ್ದನೆಯ ತಂತಿ, ಎರಡನ್ನೂ ಇದರಲ್ಲಿ ಮಾಡುತ್ತಾರೆ.

ಬೇವಿನ ಎಲೆಯಿಂದ ಮಾಡುವ ‘ಹಸಿರು ವಿಧಾನ’ ಒಳ್ಳೆಯದಾ?

ಆಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ ಬೇವಿನ ಕಷಾಯದಿಂದ ಬೆಳ್ಳಿ, ಚಿನ್ನದ ಕಣ ಮಾಡಿದ್ದನ್ನು 2004ರಲ್ಲಿ ಪ್ರಕಟಿಸಿತು. ಆಮೇಲೆ ತುಳಸಿ, ಅಲೋವೆರಾ, ದಾಸವಾಳ, ಹಿತ್ತಲಿನ ಎಲ್ಲ ಗಿಡಗಳ ಸರದಿಯೂ ಬಂತು. ಎಲೆಯ ಪಾಲಿಫೀನಾಲ್, ಸಕ್ಕರೆಯಂಥ ವಸ್ತುಗಳು ಎಲೆಕ್ಟ್ರಾನ್ ಕೊಡುತ್ತವೆ, ಕೆಲವು ಕಣದ ಮೈಗೆ ಹೊದಿಕೆಯೂ ಆಗುತ್ತವೆ.

ಆದರೆ ಒಂದು ಗಿಡದ ಎಲೆ ಇನ್ನೊಂದರ ಹಾಗಿರುವುದಿಲ್ಲ. ಮಳೆಗಾಲದ ಬೇವು ಬೇಸಿಗೆಯ ಬೇವಿನ ಹಾಗಿರುವುದಿಲ್ಲ. ಈ ತಿಂಗಳು ಬಂದ ಅಳತೆ ಮುಂದಿನ ತಿಂಗಳು ಬರುತ್ತದೆ ಅನ್ನುವ ಭರವಸೆ ಕಡಿಮೆ. ಮತ್ತೆ ಎಲೆಯಲ್ಲೂ ಕ್ಲೋರೈಡ್ ಇದೆ. ಎಕ್ಸ್‌ರೇ ಡಿಫ್ರಾಕ್ಷನ್ (ಪುಡಿಯಲ್ಲಿ ಯಾವ ಹರಳು ಇದೆ ಅಂತ ತೋರಿಸುವ ಪರೀಕ್ಷೆ) ಚಿತ್ರದಲ್ಲಿ ತಾಮ್ರದ ಎಕ್ಸ್‌ರೇಗೆ ಬೆಳ್ಳಿಯ ಗೆರೆಗಳು 38.1, 44.3, 64.4, 77.4 ಡಿಗ್ರಿಯಲ್ಲಿ ಬರಬೇಕು. 27.8, 32.2, 46.2ರಲ್ಲೂ ಗೆರೆ ಬಂದಿದ್ದರೆ ಅದು ಸಿಲ್ವರ್ ಕ್ಲೋರೈಡ್. ಇದನ್ನು ‘ಗಿಡದ ಸಾವಯವ ವಸ್ತು’ ಅಂತ ಬರೆದು ಮುಂದೆ ಹೋಗುವ ಪ್ರಾಜೆಕ್ಟ್ ವರದಿಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ದಯವಿಟ್ಟು ಹಾಗೆ ಬರೆಯಬೇಡಿ.

ಕಣ ಸರಿಯಾಗಿ ಬಂದಿದೆ ಅಂತ ತಿಳಿಯುವುದು ಹೇಗೆ?

ಯಾವ ಬಣ್ಣದ ಬೆಳಕನ್ನು ದ್ರಾವಣ ಎಷ್ಟು ನುಂಗುತ್ತದೆ ಅಂತ ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಅರ್ಧ ಕೆಲಸ ಮುಗಿಯಿತು. 400 ನ್ಯಾನೊಮೀಟರ್ ಹತ್ತಿರ ಕಿರಿದಾದ ಒಂದೇ ಶಿಖರ ಇರಬೇಕು. ಶಿಖರ ಅಗಲವಾಗಿ ಬಲಕ್ಕೆ ಬಾಲ ಬೆಳೆಸಿದರೆ ಗಂಟು ಶುರುವಾಗಿದೆ. ನಿಜವಾದ ಅಳತೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಬೆಳಕು ಚದುರಿಸಿ ಅಳೆಯುವ ಡಿಎಲ್‌ಎಸ್ ಯಂತ್ರ ಅದಕ್ಕಿಂತ ದೊಡ್ಡ ಸಂಖ್ಯೆ ಕೊಟ್ಟರೆ ಗಾಬರಿ ಬೇಡ. ಅದು ಹೊದಿಕೆಯನ್ನೂ ಸೇರಿಸಿ ಅಳೆಯುತ್ತದೆ. ಜೊತೆಗೆ ಅಗಲ ಹತ್ತು ಪಟ್ಟಾದರೆ ಬೆಳಕು ಚದುರುವುದು ಹತ್ತು ಲಕ್ಷ ಪಟ್ಟಾಗುತ್ತದೆ. ಹಾಗಾಗಿ ನಾಲ್ಕಾರು ದೊಡ್ಡ ಗಂಟುಗಳೇ ಲೆಕ್ಕವನ್ನು ಎಳೆದುಬಿಡುತ್ತವೆ.

ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಕಣವಾ, ಅಯಾನಾ?

ಮುಖ್ಯವಾಗಿ ಅಯಾನು. ಕಣದ ಹೊರಮೈ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಬೆಳ್ಳಿಯ ಅಯಾನು ಬಿಡುತ್ತದೆ. ಅದು ಬ್ಯಾಕ್ಟೀರಿಯಾದ ಪ್ರೋಟೀನುಗಳ ಗಂಧಕಕ್ಕೆ ಕಚ್ಚಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಆಮ್ಲಜನಕವೇ ಇಲ್ಲದ ಕಡೆ ಕಣಗಳನ್ನು ಪರೀಕ್ಷಿಸಿದರು. ಅಯಾನು ಹುಟ್ಟಲಿಲ್ಲ, ಬ್ಯಾಕ್ಟೀರಿಯಾವೂ ಸಾಯಲಿಲ್ಲ. ಕಣವನ್ನು ಅಯಾನಿನ ಕಣಜ ಅಂತ ತಿಳಿದುಕೊಳ್ಳಿ. ಒಳ್ಳೆಯ ವಸ್ತು ಅಂದರೆ ಆ ಕಣಜದಿಂದ ದಿನಕ್ಕೆ ಬೇಕಾದಷ್ಟೇ ಹೊರಬಿಡುವ ವಸ್ತು.

ನೀರಿನ ಫಿಲ್ಟರಿನಲ್ಲಿ ಬೆಳ್ಳಿ ಹೇಗೆ ಕೆಲಸ ಮಾಡುತ್ತದೆ? ಅದು ನೀರಿಗೆ ಬರುವುದಿಲ್ವಾ?

ಸ್ವಲ್ಪ ಬರುತ್ತದೆ, ಬರಲೇಬೇಕು. ಎಷ್ಟು ಅನ್ನುವುದು ಮುಖ್ಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 0.1 ಮಿಲಿಗ್ರಾಂ, ಅಂದರೆ 100 ಮೈಕ್ರೋಗ್ರಾಂ ಬೆಳ್ಳಿ ಮಿತಿ.

ಈ ವಿಷಯದಲ್ಲಿ ನಮ್ಮ ದೇಶದ ಕೆಲಸ ಹೆಮ್ಮೆಪಡುವಂಥದ್ದು. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿನಲ್ಲಿ ಭತ್ತದ ಹೊಟ್ಟಿನ ಬೂದಿಯ ಮೇಲೆ ಬೆಳ್ಳಿಯ ನ್ಯಾನೊ ಕಣ ಕೂರಿಸಿದ್ದರು. ಕರೆಂಟು ಬೇಡ, ನಲ್ಲಿಯೂ ಬೇಡ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಬೆಳ್ಳಿ ಕಣ ಊರಿನ ನೀರಿನಲ್ಲಿ ಬೇಗ ಸುಸ್ತಾಗುತ್ತದೆ. ನೀರಿನ ಲವಣ, ಸಿಲಿಕಾ, ಸಾವಯವ ಕಸ ಎಲ್ಲ ಅದರ ಮೈಮೇಲೆ ಪದರ ಕಟ್ಟುತ್ತದೆ. ಅಯಾನು ಹೊರಗೆ ಬರುವ ದಾರಿ ಮುಚ್ಚುತ್ತದೆ. ಅವರು ಅಲ್ಯುಮಿನಿಯಂ ಆಕ್ಸಿಹೈಡ್ರಾಕ್ಸೈಡ್ ಮತ್ತು ಕೈಟೋಸಾನ್ ಬೆರೆಸಿ ಪಂಜರದಂಥ ರಚನೆ ಮಾಡಿ, ಅದರೊಳಗೆ ಬೆಳ್ಳಿಯನ್ನು ಇಟ್ಟರು. ಕೈಟೋಸಾನ್ ಅಂದರೆ ಸಿಗಡಿ, ಏಡಿ ಚಿಪ್ಪಿನಿಂದ ಬರುವ ವಸ್ತು. 2013ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಲೀಟರಿಗೆ ಸುಮಾರು 40 ಮೈಕ್ರೋಗ್ರಾಂ ಅಯಾನು ಒಂದೇ ಸಮನೆ ಬಿಡುಗಡೆಯಾಗುತ್ತಿತ್ತು. ಬ್ಯಾಕ್ಟೀರಿಯಾಕ್ಕೆ ಸಾಕು, ಮಿತಿಯ ಅರ್ಧಕ್ಕಿಂತ ಕಡಿಮೆ. ಬೆಳ್ಳಿಯ ಕೆಲಸ ಹೀಗೆ ಮಾಡಬೇಕು ಅಂತ ನಾನು ವಿದ್ಯಾರ್ಥಿಗಳಿಗೆ ತೋರಿಸುವುದು ಇದನ್ನೇ.

ಬಟ್ಟೆಗೆ ಹಾಕಿದರೆ ಎಷ್ಟು ಒಗೆತ ತಡೆಯುತ್ತದೆ?

ಹೇಗೆ ಕೂರಿಸಿದ್ದೀರಿ ಅನ್ನುವುದರ ಮೇಲೆ. ಅಮೆರಿಕದ ಅರಿಝೋನಾದಲ್ಲಿ 2008ರಲ್ಲಿ ಅಂಗಡಿಯಲ್ಲಿ ಸಿಗುವ ಬೆಳ್ಳಿ ಸಾಕ್ಸ್‌ಗಳನ್ನು ನೀರಿನಲ್ಲಿ ಅಲುಗಾಡಿಸಿ ನೋಡಿದರು. ಕೆಲವು ನಾಲ್ಕೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲ ಬೆಳ್ಳಿ ಬಿಟ್ಟುಕೊಟ್ಟವು. ಕೆಲವು ಏನೂ ಬಿಡಲಿಲ್ಲ. ಹತ್ತಿ ಬಟ್ಟೆಯನ್ನು ಹಳದಿ ನೀರಿನಲ್ಲಿ ಸುಮ್ನೆ ಅದ್ದಿ ಒಣಗಿಸಿದರೆ ಮೊದಲನೇ ಗುಂಪಿಗೆ ಸೇರುತ್ತೀರಿ. ಮೊದಲು ಬೆಳ್ಳಿಯ ಅಯಾನನ್ನು ನೂಲಿನೊಳಗೆ ಇಳಿಸಿ, ಆಮೇಲೆ ಅಲ್ಲೇ ಲೋಹ ಮಾಡಿದರೆ ಹಿಡಿತ ಹೆಚ್ಚು. ಬೈಂಡರ್ ಅನ್ನುವ ಅಂಟು ಹಾಕಿ ಬಿಸಿಯಲ್ಲಿ ಗಟ್ಟಿ (ಕ್ಯೂರ್) ಮಾಡುವುದೂ ಇದೆ. ಪರೀಕ್ಷೆಗೆ, ಬಟ್ಟೆ ಬ್ಯಾಕ್ಟೀರಿಯಾವನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಎಎಟಿಸಿಸಿ 100 ಅಥವಾ ಐಎಸ್‌ಒ 20743 ಕೇಳಿ, ಅದನ್ನೂ 20 ಒಗೆತ ಆದ ಮೇಲಿನ ಬಟ್ಟೆಗೆ ಮಾಡಿಸಿ. ಹೊಸ ಬಟ್ಟೆಯ ವರದಿಯಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಬಿಳಿ ಬಟ್ಟೆ ಹಳದಿ ತಿರುಗುತ್ತದೆ ಅನ್ನುವುದನ್ನೂ ಮರೆಯಬೇಡಿ.

ಗಾಯದ ಪಟ್ಟಿಯಲ್ಲಿ?

ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಕ್ರೀಮು 1968ರಿಂದ ಇದೆ. ನ್ಯಾನೊ ಬೆಳ್ಳಿಯ ಪಟ್ಟಿಗಳ ಅನುಕೂಲ ಏನೆಂದರೆ ಅಯಾನು ದಿನಗಟ್ಟಲೆ ಬರುತ್ತಿರುತ್ತದೆ, ಪಟ್ಟಿಯನ್ನು ಪದೇ ಪದೇ ಬಿಚ್ಚಿ ನೋಯಿಸಬೇಕಿಲ್ಲ. ಯಾವ ಗಾಯಕ್ಕೆ, ಎಷ್ಟು ದಿನ ಅನ್ನುವುದನ್ನು ವೈದ್ಯರೇ ಹೇಳಬೇಕು.

ಎಲೆಕ್ಟ್ರಾನಿಕ್ಸಿನಲ್ಲಿ ಬೆಳ್ಳಿಯ ಇಂಕ್ ಯಾಕೆ ಬೇಕು? ತಾಮ್ರ ಅಗ್ಗ ಅಲ್ವಾ?

ಅಗ್ಗ ಹೌದು. ಆದರೆ ತಾಮ್ರದ ಕಣ ಗಾಳಿ ತಾಗಿದರೆ ಆಕ್ಸೈಡ್ ಆಗಿ ವಿದ್ಯುತ್ತನ್ನು ತಡೆಯುತ್ತದೆ. ಲೋಹಗಳಲ್ಲೆಲ್ಲ ವಿದ್ಯುತ್ತು ಚೆನ್ನಾಗಿ ಹರಿಯುವುದು ಬೆಳ್ಳಿಯಲ್ಲಿ. ಗಟ್ಟಿ ಬೆಳ್ಳಿ ಕರಗಲು 962 ಡಿಗ್ರಿ ಬೇಕು. ನ್ಯಾನೊ ಕಣಗಳು 150 ಡಿಗ್ರಿಯ ಆಸುಪಾಸಿನಲ್ಲೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಾಗಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸರ್ಕಿಟ್ ಪ್ರಿಂಟ್ ಮಾಡಬಹುದು. ಇಲ್ಲಿ ಹೊದಿಕೆಯ ಕೆಲಸ ತಿರುವುಮುರುವು. ಬಾಟಲಿಯಲ್ಲಿ ಇರುವವರೆಗೆ ಕಣಗಳನ್ನು ದೂರ ಇಡಬೇಕು, ಪ್ರಿಂಟ್ ಆದ ಮೇಲೆ ಬಿಸಿಗೆ ಜಾಗ ಬಿಟ್ಟು ಹೋಗಬೇಕು. ಹೊದಿಕೆ ಉಳಿದರೆ ಗೆರೆ ಹೊಳೆಯುತ್ತದೆ, ಆದರೆ ಮಲ್ಟಿಮೀಟರ್ ಮುಳ್ಳು ಅಲುಗುವುದಿಲ್ಲ.

ಬೆಂಗಳೂರಿನ ಜಿ. ಯು. ಕುಲಕರ್ಣಿಯವರ ತಂಡದ ಕೆಲಸ ನನಗೆ ತುಂಬಾ ಇಷ್ಟ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಬಿರುಕು ಬಿಡುತ್ತದಲ್ಲ, ಹಾಗೆ ತೆಳುವಾದ ಪದರವೊಂದನ್ನು ಒಣಗಿಸಿ ಬಿರುಕು ಬಿಡಿಸಿದರು. ಆ ಬಿರುಕುಗಳಲ್ಲಿ ಬೆಳ್ಳಿಯಂಥ ಲೋಹ ತುಂಬಿ, ಉಳಿದ ಪದರವನ್ನು ತೊಳೆದುಬಿಟ್ಟರು. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಬಲೆ. ಗಾಜು ಪಾರದರ್ಶಕವಾಗಿಯೇ ಇದ್ದು ವಿದ್ಯುತ್ತು ಹರಿಸುತ್ತದೆ. ಇದು ಕಣ ಮಾಡುವ ವಿಧಾನ ಅಲ್ಲ, ಆದರೆ ಸ್ವಲ್ಪ ಬೆಳ್ಳಿಯಿಂದ ತುಂಬಾ ಕೆಲಸ ತೆಗೆಯುವ ಯೋಚನೆ ಅದೇ.

ರಾಮನ್ ಪರಿಣಾಮಕ್ಕೂ ಬೆಳ್ಳಿಗೂ ಏನು ಸಂಬಂಧ?

ಸಿ. ವಿ. ರಾಮನ್ 1928ರಲ್ಲಿ ಚದುರಿದ ಬೆಳಕಿನಲ್ಲಿ ಕಂಡ ಗುರುತು ಪ್ರತಿ ಅಣುವಿಗೂ ಬೇರೆ ಬೇರೆ, ಬೆರಳಚ್ಚಿನ ಹಾಗೆ. ಆದರೆ ತುಂಬಾ ಕ್ಷೀಣ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಒರಟು ಮಾಡಿದ ಬೆಳ್ಳಿಯ ಮೇಲೆ ಆ ಗುರುತು ಬಲವಾಗಿ ಕಂಡಿತು. ಎರಡು ಬೆಳ್ಳಿ ಕಣಗಳ ನಡುವಿನ ಸಂದಿಯಲ್ಲಿ ಅಣು ಸಿಕ್ಕಿಕೊಂಡರೆ ಗುರುತು ಲಕ್ಷಗಟ್ಟಲೆ ಪಟ್ಟು ಹೆಚ್ಚುತ್ತದೆ. ಹಣ್ಣಿನ ಸಿಪ್ಪೆಯ ಕೀಟನಾಶಕ ಹುಡುಕಲು ಇದನ್ನು ಬಳಸುತ್ತಾರೆ. ಉಳಿದ ಕಡೆ ಶತ್ರುವಾದ ಗಂಟು ಇಲ್ಲಿ ಬೇಕಾದ ನೆಂಟ.

‘ಬೆಳ್ಳಿ ನೀರು’ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದಂತೆ, ಹೌದಾ?

ಇಲ್ಲ. ದಯವಿಟ್ಟು ಕುಡಿಯಬೇಡಿ. ಕಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿ ಕಣಗಳು ಹರಡಿದ ಈ ನೀರು, ಯಾವ ರೋಗಕ್ಕೂ ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಿಕೊಂಡಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ತಿಂಗಳುಗಟ್ಟಲೆ ಕುಡಿದರೆ ಬೆಳ್ಳಿ ಚರ್ಮದಲ್ಲಿ ಕೂತು ಮೈ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು. ಆರ್ಜೀರಿಯಾ ಅಂತ ಅದರ ಹೆಸರು. ಹಾಗೆ ತಿರುಗಿದ ಬಣ್ಣ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ, ಬೆಳ್ಳಿ ಲೋಟ ಬೇರೆ ವಿಷಯ. ಗಟ್ಟಿ ಬೆಳ್ಳಿಯ ಹೊರಮೈ ಎಷ್ಟು ಕಡಿಮೆ ಅಂತ ಮೇಲೆ ನೋಡಿದಿರಲ್ಲ, ಅದರಿಂದ ಬಿಡುಗಡೆಯಾಗುವುದು ತೀರಾ ಸ್ವಲ್ಪ.

ಕೆಲಸ ಮಾಡುವಾಗ ಯಾವುದಕ್ಕೆ ಹೆದರಬೇಕು?

ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ, ಕಣ್ಣಿಗೆ ಬಿದ್ದರೆ ಗಂಭೀರ ಅಪಾಯ. ಕೈಗವಸು, ಕನ್ನಡಕ ಬೇಕೇ ಬೇಕು. ಒಣ ಪುಡಿ ಗಾಳಿಯಲ್ಲಿ ಹಾರದಂತೆ ನೋಡಿಕೊಳ್ಳಿ, ಆದಷ್ಟೂ ಒದ್ದೆಯಾಗಿಯೇ ಕೆಲಸ ಮಾಡಿ. ಎಲ್ಲಕ್ಕಿಂತ ಹೆಚ್ಚಾಗಿ, ಅಮೋನಿಯಾ ಹಾಕಿದ ಬೆಳ್ಳಿ ದ್ರಾವಣವನ್ನು, ಅಂದರೆ ಟಾಲೆನ್ಸ್ ರಿಯೇಜೆಂಟನ್ನು, ನಾಳೆಗೆ ಅಂತ ಎತ್ತಿಡಬೇಡಿ. ಇಟ್ಟಲ್ಲೇ ಸಿಡಿಯುವ ಸಿಲ್ವರ್ ನೈಟ್ರೈಡ್ ಅದರಲ್ಲಿ ಹುಟ್ಟುತ್ತದೆ. ಕೆಲಸ ಮುಗಿದ ಕೂಡಲೇ ದುರ್ಬಲ ಆಮ್ಲ ಹಾಕಿ ನಿಷ್ಕ್ರಿಯ ಮಾಡಿ.

ಉಳಿದ ಬೆಳ್ಳಿ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಕೆರೆಯ ಪಾಚಿ, ಮೀನುಗಳಿಗೆ ಬೆಳ್ಳಿಯ ಅಯಾನು ವಿಷ. ಅಯಾನು ಇರುವ ದ್ರಾವಣಕ್ಕೆ ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್ ಆಗಿ ಕೆಳಗೆ ಕೂರುತ್ತದೆ. ಸೋಸಿ ಕೂಡಿಟ್ಟು ಬೆಳ್ಳಿ ಮರಳಿ ತೆಗೆಯುವವರಿಗೆ ಕೊಡಿ, ಕಾಸೂ ಬರುತ್ತದೆ.

ಮಾಡಿದ ದ್ರಾವಣವನ್ನು ಎಷ್ಟು ದಿನ ಇಡಬಹುದು? ಹೊರಗಿನಿಂದ ಕೊಳ್ಳುವುದಾದರೆ ಏನು ಕೇಳಬೇಕು?

ಕಂದು ಬಾಟಲಿಯಲ್ಲಿ, ಫ್ರಿಜ್ಜಿನ ಕೆಳಭಾಗದಲ್ಲಿ ಇಡಿ. ಫ್ರೀಜರಿನಲ್ಲಿ ಇಟ್ಟರೆ ಮಂಜುಗಡ್ಡೆ ಕಣಗಳನ್ನು ಒತ್ತಿ ಗಂಟು ಮಾಡುತ್ತದೆ. ಪಾಲಿಮರ್ ಹೊದಿಕೆ ಇದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಆದರೂ ಪ್ರತಿ ಸಲ ಬಳಸುವ ಮುಂಚೆ ಸ್ಪೆಕ್ಟ್ರಮ್ ತೆಗೆದು ಮೊದಲ ದಿನದ್ದರ ಜೊತೆ ಹೋಲಿಸಿ.

ಕೊಳ್ಳುವಾಗ ಸರಾಸರಿ ಅಳತೆ ಒಂದನ್ನೇ ನೋಡಿ ದುಡ್ಡು ಕೊಡಬೇಡಿ. ಅಳತೆ ಎಷ್ಟು ಹರಡಿದೆ, ಹೊದಿಕೆ ಯಾವುದು, ಒಟ್ಟು ಬೆಳ್ಳಿಯಲ್ಲಿ ಅಯಾನಾಗಿ ಇರುವುದು ಎಷ್ಟು, ಯಾವ ದಿನ ತಯಾರಾದದ್ದು, ಇಷ್ಟನ್ನು ಬರೆದು ಕೊಡಿ ಅನ್ನಿ. ಅಯಾನಿನ ಲೆಕ್ಕ ಕೊಡಲು ಆಗುವುದಿಲ್ಲ ಅಂದರೆ ಒಂದು ಸಣ್ಣ ಬಾಟಲಿ ಮಾತ್ರ ತರಿಸಿ. ಮೇಲೆ ಹೇಳಿದ ಉಪ್ಪಿನ ಪರೀಕ್ಷೆ ಮಾಡಿ, ಒಂದು ತಿಂಗಳು ಇಟ್ಟು ನೋಡಿ, ಆಮೇಲೆ ಲೀಟರಿನ ಆರ್ಡರ್ ಕೊಡಿ.